ಬೆವರುವ ಸಿಲಿಂಡರ್

ದೆಹಲಿಯ ಜನವರಿಯಲ್ಲಿ ತೆಂಗಿನೆಣ್ಣೆ ಡಬ್ಬಿಯೊಳಗೇ ಗಟ್ಟಿಯಾಗುತ್ತದೆ. ಸುಮಾರು 24 ಡಿಗ್ರಿಗಿಂತ ತಂಪಾದರೆ ಅದರ ಸ್ವಭಾವವೇ ಹಾಗೆ. ಬಿಸಿನೀರಿನಲ್ಲಿಟ್ಟರೆ ಮತ್ತೆ ಕರಗುತ್ತದೆ. ಇದೇ ಉಪಾಯವನ್ನು ಗ್ಯಾಸ್ ಸಿಲಿಂಡರಿಗೂ ಮಾಡುವವರಿದ್ದಾರೆ! ಕಳೆದ ಸಂಕ್ರಾಂತಿಗೆ ನಾಲ್ಕೈದು ಕನ್ನಡ ಮನೆಗಳವರು ಸೇರಿ ಟೆರೇಸಿನ ಮೇಲೆ ಅಡುಗೆ ಮಾಡುತ್ತಿದ್ದೆವು. ಉರಿ ಕುಗ್ಗಿತೆಂದು ಒಬ್ಬರು ಸಿಲಿಂಡರನ್ನು ಅಡ್ಡ ಮಲಗಿಸಿದರು, ಇನ್ನೊಬ್ಬರು ಕುದಿಯುವ ನೀರು ತಂದರು. "ಗ್ಯಾಸ್ ಹೆಪ್ಪುಗಟ್ಟಿದೆ ಮೇಡಂ" ಎಂದರು. ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ನಾನು ಸುಮ್ಮನಿರುವುದು ಹೇಗೆ?

ಅದು ಹೆಪ್ಪುಗಟ್ಟಿರಲಿಲ್ಲ. ಬ್ಯೂಟೇನ್ ಹೆಪ್ಪುಗಟ್ಟಬೇಕಾದರೆ ಸೊನ್ನೆಗಿಂತ 138 ಡಿಗ್ರಿ ಕೆಳಗಿಳಿಯಬೇಕು. ದೆಹಲಿ ಎಷ್ಟೇ ನಡುಗಿಸಿದರೂ ಅಷ್ಟಿಲ್ಲ.

ಮನೆಗೆ ಬರುವ 14.2 ಕೆ.ಜಿ. ಸಿಲಿಂಡರಿನಲ್ಲಿ 'ಗ್ಯಾಸ್' ಇರುವುದು ಮೇಲ್ಭಾಗದಲ್ಲಿ ಸ್ವಲ್ಪ ಮಾತ್ರ. ಉಳಿದದ್ದೆಲ್ಲ ಒತ್ತಡದಲ್ಲಿ ದ್ರವವಾಗಿಸಿದ ಪ್ರೊಪೇನ್ ಮತ್ತು ಬ್ಯೂಟೇನ್. ಒಲೆ ಹಚ್ಚಿದಾಗ ಮೇಲಿನ ಆವಿ ಹೊರಹೋಗುತ್ತದೆ, ಕೆಳಗಿನ ದ್ರವ ಕುದಿದು ಆ ಜಾಗವನ್ನು ತುಂಬುತ್ತದೆ. ಕುದಿಯಲು ಶಾಖ ಬೇಕಲ್ಲ? ಅದನ್ನು ದ್ರವವು ತನ್ನಿಂದಲೇ, ಉಕ್ಕಿನ ಗೋಡೆಯಿಂದ, ಸುತ್ತಲಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ಹೀಗಾಗಿ ಸಿಲಿಂಡರ್ ತಣ್ಣಗಾಗಿ, ಗಾಳಿಯ ತೇವ ಅದರ ಮೈಮೇಲೆ ಹನಿಗಟ್ಟುತ್ತದೆ. ಮುಂಬೈಯ ಮಳೆಗಾಲದಲ್ಲಂತೂ ಚೆನ್ನಾಗಿಯೇ ಬೆವರೀತು. ಅದು ಸೋರಿಕೆಯಲ್ಲ. ಸೋರಿದರೆ ಮೂಗಿಗೆ ಗೊತ್ತಾಗಲೆಂದೇ ಮರ್ಕ್ಯಾಪ್ಟನ್ ಎಂಬ ಕೆಟ್ಟ ವಾಸನೆಯ ವಸ್ತು ಬೆರೆಸಿರುತ್ತಾರೆ.

ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿಯಬಲ್ಲದು, ಆದ್ದರಿಂದ ಅದು ಬೇಗ ಬೇಗ ಖಾಲಿಯಾಗುತ್ತದೆ. ತಳದಲ್ಲಿ ಹೆಚ್ಚಾಗಿ ಉಳಿಯುವುದು ಬ್ಯೂಟೇನ್. ಅದರ ಕುದಿಬಿಂದು ಸೊನ್ನೆಯ ಆಸುಪಾಸಿನದು. ಚಳಿಯ ಬೆಳಗ್ಗೆ ದೊಡ್ಡ ಒಲೆ ಹಚ್ಚಿದರೆ ಸಿಲಿಂಡರ್ ಒಳಗೊಳಗೇ ತಣಿದು, ಬ್ಯೂಟೇನ್ ಆವಿಯಾಗಲು ಮೀನಮೇಷ ಎಣಿಸುತ್ತದೆ.

ಆಗ ಮಲಗಿಸಿದರೇನಾಗುತ್ತದೆ? ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 250 ಲೀಟರ್ ಗ್ಯಾಸ್! ಒಲೆಯ ಉರಿ ಆಳೆತ್ತರ ಏಳಬಹುದು. ಉರಿಯದೆ ಸೋರಿದ್ದು ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಹರಡಿ ಕಿಡಿಗಾಗಿ ಕಾಯುತ್ತದೆ. ಕುದಿಯುವ ನೀರೂ ಬೇಡ, ಒಳಗಿನ ಒತ್ತಡ ಎಷ್ಟು ಏರುತ್ತಿದೆಯೆಂದು ಹೊರಗಿನಿಂದ ಕಾಣುವುದಿಲ್ಲ.

ಅಂದು ಸಿಲಿಂಡರನ್ನು ನೇರವಾಗಿ ಬಿಸಿಲಿಲ್ಲದ ಕಡೆ ನಿಲ್ಲಿಸಿ, ಉರಿ ಸಣ್ಣದು ಮಾಡಿದೆವು. ಸಿಹಿ ಪೊಂಗಲ್ ಅರ್ಧ ಗಂಟೆ ತಡವಾಯಿತು, ಅಷ್ಟೆ. (ಗೊಣಗಿದವರೇ ಎರಡು ಸಲ ಬಡಿಸಿಕೊಂಡರು.)

ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ರೆಗ್ಯುಲೇಟರ್ ಆರಿಸಿ, ಕಿಟಕಿ ಬಾಗಿಲು ತೆರೆದು ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.

ಎಷ್ಟು ಉಳಿದಿದೆ ಎಂದು ನೋಡಲು ಸಿಲಿಂಡರನ್ನು ಅಲುಗಾಡಿಸುವುದೂ ಬೇಕಿಲ್ಲ. ಒದ್ದೆ ಬಟ್ಟೆಯಿಂದ ಮೇಲಿನಿಂದ ಕೆಳಗೆ ಒಮ್ಮೆ ಒರೆಸಿ. ಖಾಲಿ ಭಾಗ ಬೇಗ ಒಣಗುತ್ತದೆ. ದ್ರವವಿರುವ ಕಡೆ ಒದ್ದೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ಗೆರೆಯವರೆಗೆ ಗ್ಯಾಸ್ ಇದೆ.