ಹಳೆಯ ಜೀಪಿನ ಬ್ರೇಕು

ಹಾನಗಲ್ಲಿನ ಗದ್ದೆಬಯಲಿನ ರಾಡಿಯಲ್ಲಿಯೂ, ಸವಣೂರಿನ ಎರೆಮಣ್ಣಿನ ದಾರಿಯಲ್ಲಿಯೂ ಹಳೆಯ ಜೀಪು ಸಾಗುವಷ್ಟು ಸಲೀಸಾಗಿ ಬೇರೆ ವಾಹನ ಸಾಗುವುದನ್ನು ನಾನು ಕಂಡಿಲ್ಲ. ಮಹೀಂದ್ರ ಕಂಪನಿಯವರು 1949ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭಿಸಿದ ಮೇಲೆ ಅದು ಮೊದಮೊದಲು ಸರಕಾರಿ ಅಧಿಕಾರಿಗಳ ವಾಹನವಾಗಿ ಹಳ್ಳಿಗಳನ್ನು ಕಂಡಿತು. ಆಮೇಲೆ ರೈತರ ಅಂಗಳ ಸೇರಿತು. ಇಂದಿಗೂ ಅದನ್ನು ಮನೆಯ ಎತ್ತಿನಂತೆ ಜತನದಿಂದ ಸಾಕಿಕೊಂಡವರಿದ್ದಾರೆ. ಏರುವುದರಲ್ಲಿ ಅದು ಶೂರ. ನಿಲ್ಲುವುದರಲ್ಲಿ ಅಷ್ಟಲ್ಲ.

ಕಾರಣ ಚಾಲಕನ ಕಾಲಡಿಯ ತಗಡಿನ ಕೆಳಗಿದೆ. ಮಾಸ್ಟರ್ ಸಿಲಿಂಡರ್ ಎಂಬ ಚಿಕ್ಕ ಕೊಳವೆ ಅಲ್ಲಿದೆ. ಪೆಡಲನ್ನು ತುಳಿದಾಗ ಅದರೊಳಗಿನ ಪಿಸ್ಟನ್ ಬ್ರೇಕ್ ಆಯಿಲನ್ನು ಒತ್ತುತ್ತದೆ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆಂದು 17ನೆಯ ಶತಮಾನದಲ್ಲಿ ಪಾಸ್ಕಲ್ ಹೇಳಿದನಲ್ಲವೆ? ಅದೇ ತತ್ವದಿಂದ ನಾಲ್ಕೂ ಗಾಲಿಗಳಿಗೆ ಬ್ರೇಕು ಹತ್ತುತ್ತದೆ. ಆದರೆ ಹಳೆಯ ಜೀಪಿನಲ್ಲಿ ಪಿಸ್ಟನ್ ಒಂದೇ, ಆಯಿಲಿನ ದಾರಿಯೂ ಒಂದೇ. ಯಾವುದೋ ಒಂದು ಗಾಲಿಯ ರಬ್ಬರ್ ವಾಷರ್ ಹರಿದರೂ ಸಾಕು, ನಾಲ್ಕು ಗಾಲಿಗಳ ಬ್ರೇಕೂ ಒಮ್ಮೆಲೇ ಹೋಯಿತು. ಗದ್ದೆಯ ಬದುವಿನ ಮೇಲೆ ಇದನ್ನು ಹೇಗೋ ನಿಭಾಯಿಸಬಹುದು. ಶಿಗ್ಗಾವಿಯ ಬಳಿ ಹಾಯುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಹಿಂದೆ ಮುಂದೆ ಲಾರಿಗಳಿರುವಾಗ, ನಿಭಾಯಿಸಲು ವೇಳೆಯೇ ಇರುವುದಿಲ್ಲ.

ಆದುದರಿಂದ ಬದಲಾಯಿಸಬೇಕಾದದ್ದು ಸಿಲಿಂಡರಿನ ಗಾತ್ರವನ್ನಲ್ಲ, ಅದರ ವ್ಯವಸ್ಥೆಯನ್ನು. ಒಂದೇ ಕೊಳವೆಯಲ್ಲಿ ಒಂದರ ಹಿಂದೆ ಒಂದರಂತೆ ಎರಡು ಪಿಸ್ಟನ್‌ಗಳಿರುವ ಜೋಡಿ ಸಿಲಿಂಡರ್ ದೊರೆಯುತ್ತದೆ. ಒಂದು ಮುಂದಿನ ಗಾಲಿಗಳಿಗೆ, ಇನ್ನೊಂದು ಹಿಂದಿನವಕ್ಕೆ. ಆಯಿಲಿನ ಬಟ್ಟಲುಗಳೂ ಬೇರೆ ಬೇರೆ. ಒಂದು ದಾರಿ ಸೋರಿದರೆ ಪೆಡಲು ಹೆಚ್ಚು ಕೆಳಗಿಳಿಯುತ್ತದೆ, ಆದರೆ ಇನ್ನೊಂದು ದಾರಿ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ 1968ರಿಂದ ಕಾರುಗಳಿಗೆ ಇಂಥ ಇಬ್ಭಾಗದ ಬ್ರೇಕನ್ನು ಕಡ್ಡಾಯ ಮಾಡಿದರು.

ದೊಡ್ಡ ಸಿಲಿಂಡರ್ ಹಾಕಿದರೆ ಬ್ರೇಕು ಬಲವಾದೀತೆಂಬ ನಂಬಿಕೆ ನಮ್ಮ ಗ್ಯಾರೇಜುಗಳಲ್ಲಿ ಬಹಳ. ನಿಜ ಇದಕ್ಕೆ ತಿರುವು ಮುರುವು. ಒಂದು ಅಂಗುಲ ವ್ಯಾಸದ ಕೊಳವೆಗೆ ಬದಲಾಗಿ ಒಂದೂ ಕಾಲು ಅಂಗುಲದ್ದನ್ನು ಹಾಕಿದರೆ, ಅದೇ ತುಳಿತಕ್ಕೆ ಒತ್ತಡ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಪೆಡಲು ಕಲ್ಲಿನಂತೆ ಗಟ್ಟಿಯೆನಿಸುವುದರಿಂದ ಚಾಲಕ ಹಿಗ್ಗುತ್ತಾನೆ. ಬಂಡಿ ಮಾತ್ರ ನಿಲ್ಲುವುದಿಲ್ಲ. ಮುಕ್ಕಾಲು ಅಂಗುಲಕ್ಕೆ ಇಳಿಸಿದರೆ ಒತ್ತಡ ಹೆಚ್ಚುತ್ತದೆ, ಆದರೆ ಗಾಲಿಗಳಿಗೆ ಬೇಕಾಗುವಷ್ಟು ಆಯಿಲನ್ನು ತಳ್ಳುವ ಮೊದಲೇ ಪೆಡಲು ತಗಡಿಗೆ ತಾಗಬಹುದು. ಹಳೆಯ ಗಾಲಿಗಳನ್ನೇ ಉಳಿಸಿಕೊಂಡವರು ಹಳೆಯ ವ್ಯಾಸದ ಸಮೀಪದಲ್ಲಿಯೇ ಇರುವುದು ಲೇಸು.

ಇನ್ನು ಜೋಡಣೆ. ಪೆಡಲಿನ ಸರಳಿಗೂ ಪಿಸ್ಟನ್ನಿಗೂ ನಡುವೆ ತುಸು ಸಡಿಲ ಇರಲೇಬೇಕು. ಇಲ್ಲವಾದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಬಟ್ಟಲಿಗೆ ಮರಳುವ ರಂಧ್ರ ಮುಚ್ಚಿಯೇ ಇರುತ್ತದೆ. ಕಾದ ಆಯಿಲು ಹಿಗ್ಗಿ ಬ್ರೇಕು ತಾನಾಗಿ ಹಿಡಿದುಕೊಳ್ಳುತ್ತದೆ. ಹಿರೇಕೆರೂರಿನಿಂದ ಹೊರಟ ಬಂಡಿ ಕೆಲವು ಮೈಲಿಗಳಾದ ಮೇಲೆ ಎಳೆಯದಾಗುವುದು ಎಂಜಿನ್ನಿನ ದೋಷವೆಂದೇ ಎಷ್ಟೋ ಮಂದಿ ತಿಳಿಯುತ್ತಾರೆ!

ರಬ್ಬರ್ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯಬಾರದು. ಅವು ಉಬ್ಬಿ ಕೆಡುತ್ತವೆ. ತೊಳೆಯಲು ಬ್ರೇಕ್ ಆಯಿಲೇ ಒಳ್ಳೆಯದು. ಆ ಆಯಿಲು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 3 ದರ್ಜೆಯ ಹೊಸ ಆಯಿಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ್ದಕ್ಕೆ ಈ ಮಿತಿ 140 ಡಿಗ್ರಿ ಮಾತ್ರ. ಕುದಿದರೆ ಕೊಳವೆಯಲ್ಲಿ ಆವಿ, ಕಾಲಡಿಯಲ್ಲಿ ಶೂನ್ಯ. ಹಾನಗಲ್ಲಿನ ಮಳೆಗಾಲ ಕಳೆದ ಮೇಲೆ ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಪೂರ್ತಿ ಬದಲಿಸುವುದು ನನಗೆ ಸರಿ ಕಂಡಿದೆ. 1988ರ ಮೋಟಾರು ವಾಹನ ಕಾಯಿದೆ ವಾಹನದ ಮಾರ್ಪಾಡಿಗೆ ಮಿತಿ ಹಾಕಿರುವುದರಿಂದ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಕೆಲಸ ಮುಗಿದೊಡನೆ ಪೇಟೆಗೆ ಹೊರಡಬೇಡಿರಿ. ಸುಗ್ಗಿ ಮುಗಿದ ಖಾಲಿ ಹೊಲದಲ್ಲಿ, ನಡೆಯುವ ವೇಗದಲ್ಲಿ, ಮುಂದಿನ ಒಂದು ಗಾಲಿಯ ಗಾಳಿ ತೆಗೆಯುವ ನಿಪ್ಪಲನ್ನು ಸಡಿಲಿಸಿ ಬ್ರೇಕು ಒತ್ತಿ ನೋಡಿರಿ. ಕೈಬ್ರೇಕಿನ ಮೇಲೆ ಒಂದು ಕೈ ಇರಲಿ. ಹಿಂದಿನ ಗಾಲಿಗಳು ಹಿಡಿದರೆ ಜೋಡಿ ಸಿಲಿಂಡರ್ ಸರಿಯಾಗಿದೆ. ಆಮೇಲೆ ನಿಪ್ಪಲನ್ನು ಬಿಗಿದು, ಗಾಳಿ ತೆಗೆದು, ಬಟ್ಟಲು ತುಂಬಿ ಮನೆಗೆ ಬನ್ನಿರಿ.