ತಲೆ-ಕೊರಳಿನ ಕ್ಯಾನ್ಸರ್: ತಿಳಿದಿರಬೇಕಾದ ಕೆಲವು ಸಂಗತಿಗಳು

ದಿನಕ್ಕೊಮ್ಮೆಯಾದರೂ ಕನ್ನಡಿಯಲ್ಲಿ ಮುಖ ನೋಡಿಕೊಳ್ಳದವರು ವಿರಳ. ಆದರೆ ಬಾಯನ್ನು ಅಗಲವಾಗಿ ತೆರೆದು ಕೆನ್ನೆಯ ಒಳಭಾಗವನ್ನೂ ನಾಲಗೆಯ ಅಂಚುಗಳನ್ನೂ ನೋಡಿಕೊಳ್ಳುವವರು ಎಷ್ಟು ಮಂದಿ? ಶರೀರದಲ್ಲಿ ಹುಟ್ಟುವ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಕಣ್ಣಿಗೆ ಬೀಳುವುದಿಲ್ಲ. ಬಾಯಿಯ ಕ್ಯಾನ್ಸರಾದರೋ ಬರಿಗಣ್ಣಿಗೆ ಕಾಣುವ ಜಾಗದಲ್ಲಿಯೇ ಹುಟ್ಟುತ್ತದೆ. ಹಾಗಿದ್ದೂ ನಮ್ಮ ದೇಶದಲ್ಲಿ ರೋಗಿಗಳು ಬಹುಮಟ್ಟಿಗೆ ರೋಗ ಬಲಿತ ಮೇಲೆಯೇ ವೈದ್ಯರ ಬಳಿಗೆ ಬರುತ್ತಾರೆ. ಇದರ ಕಾರಣವನ್ನು ವಿದ್ಯಾರ್ಥಿಗಳಾದ ನೀವು ತಿಳಿಯುವುದು ಅವಶ್ಯ. ಏಕೆಂದರೆ ನಿಮ್ಮ ಒಂದು ಮಾತಿನಿಂದ ಮನೆಯ ಹಿರಿಯರೊಬ್ಬರ ಪ್ರಾಣ ಉಳಿದೀತು.

ನಮ್ಮ ಶರೀರವು ಅಸಂಖ್ಯ ಜೀವಕೋಶಗಳಿಂದ ಆದದ್ದು. ಹಳೆಯ ಕೋಶಗಳು ಸತ್ತಂತೆ ಹೊಸವು ಹುಟ್ಟಿ, ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲುವುದು ಪ್ರಕೃತಿಯ ನಿಯಮ. ಈ ಕಟ್ಟುಪಾಡನ್ನು ಮೀರಿ ಕೆಲವು ಕೋಶಗಳು ಮಿತಿಯಿಲ್ಲದೆ ಬೆಳೆದು ಸುತ್ತಲಿನ ಭಾಗಗಳನ್ನು ಆಕ್ರಮಿಸುವುದೇ ಕ್ಯಾನ್ಸರ್. ಪ್ರಾಚೀನ ಗ್ರೀಕ್ ವೈದ್ಯರು ಇದಕ್ಕೆ ಏಡಿಯ ಹೆಸರಿಟ್ಟರು. ಕನ್ನಡದಲ್ಲಿಯೂ ‘ಏಡಿಗಂತಿ’ ಎಂಬ ಮಾತುಂಟು. ತುಟಿ, ಬಾಯಿ, ನಾಲಗೆ, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಒಳಭಾಗ, ಲಾಲಾಗ್ರಂಥಿಗಳು—ಇವುಗಳಲ್ಲಿ ಹುಟ್ಟುವವನ್ನು ವೈದ್ಯರು ಒಟ್ಟಾಗಿ ತಲೆ-ಕೊರಳಿನ ಕ್ಯಾನ್ಸರ್ ಎನ್ನುತ್ತಾರೆ. ಮೆದುಳಿನ ಗಡ್ಡೆ ಈ ಗುಂಪಿಗೆ ಸೇರದು.

ಈ ರೋಗಕ್ಕೆ ಮುಖ್ಯ ಕಾರಣ ಹೊಗೆಸೊಪ್ಪು, ಅಂದರೆ ತಂಬಾಕು. ಬೀಡಿ, ಸಿಗರೇಟುಗಳ ಹೊಗೆಯು ಗಂಟಲನ್ನೂ ಧ್ವನಿಪೆಟ್ಟಿಗೆಯನ್ನೂ ಕೆಡಿಸಿದರೆ, ಸುಣ್ಣ ಬೆರೆಸಿ ತಿಕ್ಕಿದ ಹೊಗೆಸೊಪ್ಪು ತಾನು ಕುಳಿತ ಜಾಗವನ್ನೇ ಕೆಡಿಸುತ್ತದೆ. ಕೆನ್ನೆಯ ಯಾವ ಮೂಲೆಯಲ್ಲಿ ಅದನ್ನು ದಿನವೂ ಒತ್ತಿ ಇಡುವರೋ ಅಲ್ಲಿಯೇ ಹುಣ್ಣು ಹುಟ್ಟುವುದು ಸಾಮಾನ್ಯ. ಮದ್ಯವೂ ಜತೆಗೂಡಿದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಗಂಟಲಿನ ಕೆಲವು ಕ್ಯಾನ್ಸರುಗಳಿಗೆ ಒಂದು ಬಗೆಯ ವೈರಸ್ಸೂ ಕಾರಣ. ಚಟವೇ ಇಲ್ಲದವರಿಗೂ ಈ ರೋಗ ಬರಬಹುದಾದ್ದರಿಂದ ರೋಗಿಯನ್ನು ದೂಷಿಸುವುದು ಸಲ್ಲದು.

“ಎಲೆ-ಅಡಿಕೆ ನಮ್ಮ ಹಿರಿಯರ ಸಂಪ್ರದಾಯವಲ್ಲವೇ?” ಎಂದು ಕೆಲವರು ಕೇಳುವುದುಂಟು. ತಾಂಬೂಲ ಪ್ರಾಚೀನವಾದದ್ದು ನಿಜ, ಹೊಗೆಸೊಪ್ಪು ಹಾಗಲ್ಲ. ಅಮೆರಿಕದ ಆ ಗಿಡ ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂದಿತು. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗನು ವಿಜಾಪುರದಲ್ಲಿ ಅದನ್ನು ಹೊಸ ವಸ್ತುವೆಂದು ಕಂಡು ಬಾದಶಹನಿಗೆ ಒಯ್ದನು. ಇನ್ನು ಅಡಿಕೆಯೂ ನಿರ್ದೋಷಿಯಲ್ಲ. ಹೊಗೆಸೊಪ್ಪು ಬೆರೆಯದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. ಸದಾ ಅಡಿಕೆ ಅಗಿಯುವವರ ಕೆನ್ನೆಯ ಒಳಪೊರೆ ಬಿಗಿದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗಬಹುದು. ಅಂಗಡಿಗಳಲ್ಲಿ ತೂಗಾಡುವ ಪಾನ್ ಮಸಾಲೆಯ ಪೊಟ್ಟಣದಲ್ಲಿರುವುದೂ ಮುಖ್ಯವಾಗಿ ಇದೇ ಅಡಿಕೆ. ಮಹಾರಾಷ್ಟ್ರ ಸರಕಾರವು 2012ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಶಾಲೆಯಿಂದ 100 ಗಜದೊಳಗೆ ತಂಬಾಕಿನ ವಸ್ತುಗಳನ್ನು ಮಾರುವುದನ್ನು 2003ರ ಕಾಯಿದೆ ತಡೆಯುತ್ತದೆ. ಆದರೆ ಕಾಯಿದೆಗಿಂತ ಮೊದಲು ಕಾಯಬೇಕಾದದ್ದು ನಮ್ಮ ವಿವೇಕ.

ರೋಗಿಗಳು ತಡವಾಗಿ ಬರುವುದೇಕೆ? ಈ ರೋಗ ಮೊದಮೊದಲು ನೋಯುವುದಿಲ್ಲ. ನೋಯದ ಹುಣ್ಣನ್ನು ಯಾರು ಲೆಕ್ಕಿಸುತ್ತಾರೆ? ಆದುದರಿಂದ ಕೆಲವು ಗುರುತುಗಳನ್ನು ನೆನಪಿಡಿರಿ: ಒರೆಸಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಮೂರು ವಾರ ಮೀರಿದ ಸ್ವರಭಂಗ, ನುಂಗಲು ತೊಂದರೆ, ಕೊರಳಿನಲ್ಲಿ ನೋವಿಲ್ಲದ ಗಂಟು, ಬಾಯಿ ಪೂರ್ತಿ ತೆರೆಯಲಾಗದಿರುವುದು. ಇವೆಲ್ಲವೂ ಕ್ಯಾನ್ಸರೇ ಎಂದಲ್ಲ. ವೈದ್ಯರಿಗೆ ತೋರಿಸಲೇಬೇಕಾದವು ಎಂದಷ್ಟೇ ಅರ್ಥ.

ಸಂಶಯವಿದ್ದಲ್ಲಿ ವೈದ್ಯರು ಆ ಭಾಗದ ಒಂದು ಚಿಕ್ಕ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಚೂರು ತೆಗೆದರೆ ರೋಗ ಹರಡುವುದೆಂಬ ಭಯ ನಿರಾಧಾರ. ರೋಗ ಇನ್ನೂ ಚಿಕ್ಕದಾಗಿರುವಾಗ ಶಸ್ತ್ರಚಿಕಿತ್ಸೆಯಿಂದಲೋ ವಿಕಿರಣ ಚಿಕಿತ್ಸೆಯಿಂದಲೋ ಬಹುಮಂದಿ ಗುಣಹೊಂದುತ್ತಾರೆ. ಕೊರಳಿನ ಗ್ರಂಥಿಗಳಿಗೆ ಹಬ್ಬಿದ ಮೇಲೆ ದವಡೆಯ ಭಾಗವನ್ನೋ ನಾಲಗೆಯ ಭಾಗವನ್ನೋ ಕಳೆದುಕೊಳ್ಳಬೇಕಾದೀತು. ಆಗಲೂ ಪ್ರಾಣದ ಭರವಸೆ ಕಡಿಮೆ.

ಬರಿದೇ ನೋಡುವುದರಿಂದ ಏನಾದೀತು ಎನ್ನಬೇಡಿರಿ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಗಳನ್ನು ಪರೀಕ್ಷಿಸಿದರು. ತಂಬಾಕು, ಮದ್ಯ ಸೇವಿಸುವವರಲ್ಲಿ ಈ ರೋಗದ ಸಾವುಗಳು ಇದರಿಂದ ಕಡಿಮೆಯಾದುವೆಂದು 2005ರಲ್ಲಿ ಪ್ರಕಟವಾಯಿತು. ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಗೆ ದೇಶದ ಮೂಲೆಮೂಲೆಗಳಿಂದ ರೋಗಿಗಳು ಬರುತ್ತಾರೆ. ಮುಂಬಯಿಯಲ್ಲಿರುವ ನಮಗಾದರೋ ಅದು ಲೋಕಲ್ ಗಾಡಿಯಲ್ಲಿ ಹೋಗಿಬರುವಷ್ಟು ಹತ್ತಿರ.

ತಂದೆಗೋ ಸೋದರಮಾವನಿಗೋ “ಹೊಗೆಸೊಪ್ಪು ಬಿಡಿರಿ” ಎಂದು ಹೇಳಲು ಚಿಕ್ಕವರಿಗೆ ಸಂಕೋಚವಾಗುವುದು ಸಹಜ. ಉಪದೇಶ ಮಾಡುವುದು ಬೇಡ. “ಅಪ್ಪಾ, ಒಮ್ಮೆ ಬಾಯಿ ತೆರೆಯಿರಿ, ಬ್ಯಾಟರಿ ಹಿಡಿದು ನೋಡುತ್ತೇನೆ” ಎಂದರೆ ಸಾಕು; ನಗುತ್ತಲಾದರೂ ತೆರೆದಾರು. ಬಿಳಿಯ ಮಚ್ಚೆಯೊಂದು ಕಂಡರೆ ಮರುದಿನವೇ ಅವರನ್ನು ಹೊರಡಿಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ.