ಸತ್ಯಭಾಮೆಯ ಮುನಿಸು, ಸಖಿಯ ಮಾತು

ಗಂಡನು ಹೂವೊಂದನ್ನು ಸವತಿಗೆ ಕೊಟ್ಟನು. ಹೆಂಡತಿ ಮುನಿದು ಕದವಿಕ್ಕಿಕೊಂಡಳು. ಕಥೆ ಇಷ್ಟೇ. ಇಷ್ಟನ್ನೇ ಹಿಡಿದು ಇರುಳಿಡೀ ನಗಿಸಬಲ್ಲ ಆಟವೊಂದು ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಗಳಲ್ಲಿದೆ. ಅದೇ ‘ಶ್ರೀಕೃಷ್ಣ ಪಾರಿಜಾತ’.

ಗೆಳತಿಯರ ಒಡನಾಟವನ್ನೂ ಅವರ ಪ್ರೇಮಪ್ರಸಂಗಗಳನ್ನೂ ಹೆಣೆದ ವಿನೋದ ಚಿತ್ರಗಳನ್ನು ನಗರದ ಕುಟುಂಬಗಳು ಹೊಸ ಬಗೆಯೆಂದು ನೋಡಿ ಬರುತ್ತವೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡುದು 1934ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆನೆಲದ ಹೆಣ್ಣುಮಕ್ಕಳು ಬಿಳಿಜೋಳದ ರಾಶಿ ಮುಗಿಸಿ, ಬುತ್ತಿ ಕಟ್ಟಿಕೊಂಡು, ಜಾತ್ರೆಯ ಬಯಲಿನಲ್ಲಿ ಕುಳಿತು ಅಂಥದೇ ವಿನೋದವನ್ನು ಸವಿದಿದ್ದರು.

ಅಪರಾಳ ತಮ್ಮಣ್ಣನ ಕೃತಿಯನ್ನು ಬೆಳಗಾವಿ ಜಿಲ್ಲೆಯ ಕುಲಗೋಡ ತಮ್ಮಣ್ಣನು ಬಯಲಿಗೆ ಒಗ್ಗುವಂತೆ ತಿದ್ದಿದನು. ಹಾರ್ಮೋನಿಯಂ, ತಬಲಾ, ತಾಳ, ಎದುರಿಗೆ ಜನ. ಬೇರೆ ಸಲಕರಣೆ ಹೆಚ್ಚು ಬೇಕಿಲ್ಲ.

ಆಟದ ಜೀವವಿರುವುದು ಕೃಷ್ಣನಲ್ಲಲ್ಲ, ದೂತಿಯಲ್ಲಿ. ಭಾಮೆಯ ವಿರಹವನ್ನು ಕೇಳುವವಳು, ಕೃಷ್ಣನಲ್ಲಿಗೆ ಹೋಗಿ ಬರುವವಳು ಈ ಸಖಿಯೇ. ಆದರೆ ಇವಳು ಬರಿಯ ಓಲೆಕಾರ್ತಿಯಲ್ಲ. ಒಡತಿಯ ಬಿಂಕವನ್ನು ಎದುರಿಗೇ ಚುಚ್ಚಿ ನಗುವಷ್ಟು ಸಲಿಗೆ ಅವಳಿಗುಂಟು. ಅರಸಿ ಗೋಳಾಡಿದಾಗ ಅವಳಾಡುವುದು ಅಡಿಗೆಮನೆಯ, ನೀರುದಾರಿಯ ಮಾತು. ಸಂಸ್ಕೃತ ಕಾವ್ಯದ ಖಂಡಿತನಾಯಿಕೆ ಒಮ್ಮೆಗೇ ನೆರೆಮನೆಯ ಹೆಂಗಸಾಗುವುದು ಇಲ್ಲಿಯೇ. ತೆಲುಗರ ಕೂಚಿಪುಡಿಯ ‘ಭಾಮಾಕಲಾಪಂ’ನಲ್ಲಿಯೂ ಮಾಧವಿಯೆಂಬ ಸಖಿಯಿದ್ದಾಳೆ, ಅಲ್ಲಿ ಸೂತ್ರಧಾರನೇ ಆ ಪಾತ್ರವನ್ನು ವಹಿಸುವಂತೆ ಇಲ್ಲಿ ಭಾಗವತನೇ ದೂತಿಯಾಗಿ ಮಾತಿಗೆ ನಿಲ್ಲುವುದುಂಟು.

ಹೆಣ್ಣಿನ ಗುಟ್ಟನ್ನು ಗಂಡಸೇ ಆಡಿ ತೋರಿಸಿದ ಕಾಲ ದೀರ್ಘವಾದುದು. ಆ ಬಯಲಿಗೆ ತಾನೇ ಇಳಿದು ಹೆಸರಾದವಳು ಕೌಜಲಗಿ ನಿಂಗಮ್ಮ. ಹಾಡು ಕೇಳಲು ನೆರೆದ ಊರೇ ಹಗಲಾದ ಮೇಲೆ ಆಟದ ಹೆಣ್ಣೆಂದು ಮೂಗು ಮುರಿಯುತ್ತಿದ್ದ ದಿನಗಳವು. ಭಾಮೆಗೆ ನೊಂದಾಗ ಸಖಿಯಿದ್ದಳು. ಭಾಮೆಯ ವೇಷ ಕಳಚಿದವಳಿಗೆ ಯಾರಿದ್ದರು?

1971ರಲ್ಲಿ ‘ಶ್ರೀ ಕೃಷ್ಣ ರುಕ್ಮಿಣಿ ಸತ್ಯಭಾಮ’ ಎಂಬ ಕನ್ನಡ ಚಿತ್ರ ಬಂದಿತು. ಹೆಸರಿನಲ್ಲಿ ಹೆಂಡಿರಿಬ್ಬರೂ ಇದ್ದಾರೆ, ಸಖಿಯಿಲ್ಲ! ನಾಯಕಿಯ ಗೆಳತಿಯನ್ನು ಚೀಟಿ ತಲುಪಿಸಲು, ಹಾಡಿನಲ್ಲಿ ಹಿಂದೆ ನಿಲ್ಲಲು ಮಾತ್ರ ಕರೆಯುವುದು ನಮ್ಮ ಸಿನಿಮಾದ ಹಳೆಯ ಚಾಳಿ.

ಪಾರಿಜಾತಕ್ಕೂ ಕೊರತೆಯಿಲ್ಲದಿಲ್ಲ. ತಪ್ಪು ಮಾಡಿದ ಗಂಡನು ಬಲು ಅಗ್ಗವಾಗಿ ಪಾರಾಗುತ್ತಾನೆ. ಆದರೂ ಅದಕ್ಕಾಗಿ ಅವನು ಸೀರೆಯುಟ್ಟು, ಕೊರವಂಜಿಯಾಗಿ, ಮುನಿದವಳ ಮನೆಬಾಗಿಲಿಗೆ ಬರಬೇಕು. ಭಾಮೆ ಕೈ ನೀಡುತ್ತಾಳೆ. ಅಂಗೈ ಹಿಡಿದವನು ಯಾರೆಂಬುದು ಅವಳೊಬ್ಬಳನ್ನುಳಿದು ಬಯಲಿನಲ್ಲಿ ಕುಳಿತ ಹೆಂಗಸರಿಗೆಲ್ಲ ಗೊತ್ತು. ಅವರು ಆಗಲೇ ಸೆರಗು ಬಾಯಿಗೊತ್ತಿ ನಗತೊಡಗಿರುತ್ತಾರೆ.